ಫಿಟ್‌ನೆಸ್ ಟ್ರ್ಯಾಕರ್: ಡಬ್ಬಿ ಓದಿ ಕೊಳ್ಳಬೇಡಿ, ಕೈಗೆ ಕಟ್ಟಿ ನೋಡಿ

ಫಿಟ್‌ನೆಸ್ ಟ್ರ್ಯಾಕರ್ ಕೊಳ್ಳಲು ಹೋದವರು ಮೊದಲು ನೋಡುವುದು ಪರದೆಯನ್ನು. ಆಮೇಲೆ ಡಬ್ಬಿಯ ಹಿಂದಿನ ಪಟ್ಟಿಯನ್ನು. ನೂರು ಬಗೆಯ ವ್ಯಾಯಾಮ, ರಕ್ತದ ಆಮ್ಲಜನಕ, ಒತ್ತಡ, ನಿದ್ದೆಗೆ ಅಂಕ. ಪಟ್ಟಿ ಉದ್ದ ಇದ್ದಷ್ಟೂ ಒಳ್ಳೆಯದು ಎಂದುಕೊಂಡು ತರುತ್ತಾರೆ. ಕೆಲವು ವಾರ ಉತ್ಸಾಹ ಇರುತ್ತದೆ, ನಂತರ ಅದು ಡ್ರಾಯರ್ ಸೇರುತ್ತದೆ. ಬಂಧುಗಳಲ್ಲಿ, ಸಹೋದ್ಯೋಗಿಗಳಲ್ಲಿ, ಜೊತೆಗೆ ಓಡುವವರಲ್ಲಿ ಹೀಗಾಗಿದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಅವರು ತಂದ ಸಾಧನಗಳಲ್ಲಿ ಹೆಚ್ಚಿನವು ಚೆನ್ನಾಗಿಯೇ ಇದ್ದವು. ತಮಗೆ ಯಾವ ಅಳತೆ ಬೇಕು ಎಂದು ಮಾತ್ರ ಅವರು ಮೊದಲೇ ಯೋಚಿಸಿರಲಿಲ್ಲ. ಆ ಅಳತೆ ತಮ್ಮ ಕೈಮೇಲೆ ಸರಿಯಾಗಿ ಬರುತ್ತದೆಯೇ ಎಂದು ಯಾರೂ ಪರೀಕ್ಷಿಸಿರಲಿಲ್ಲ. ಈ ಪರೀಕ್ಷೆಯಲ್ಲೇ ಜನ ಎಡವುವುದು. ಹಾಗಾಗಿ ಮೂರನೇ ಹಂತ ಉದ್ದವಾಗಿದೆ, ದಯವಿಟ್ಟು ಅದನ್ನು ಹಾರಿಸಬೇಡಿ.

ಹಂತ 1: ಯಾವ ಸಂಖ್ಯೆ ಬೇಕು, ಬರೆದಿಡಿ

ಒಂದು ಕಾಗದದಲ್ಲಿ ಒಂದೇ ಸಾಲು ಬರೆಯಿರಿ: ಯಾವ ಸಂಖ್ಯೆ ನೋಡಿ ನಾನು ನನ್ನ ದಿನಚರಿ ಬದಲಿಸುತ್ತೇನೆ? ದಿನವೆಲ್ಲ ಕೂತು ಕೆಲಸ ಮಾಡುವವರಿಗೆ ಹೆಜ್ಜೆ ಎಣಿಕೆ ಮತ್ತು ‘ಎದ್ದು ಓಡಾಡಿ’ ಎನ್ನುವ ನೆನಪೋಲೆ ಸಾಕು. ಓಡುವವರಿಗೆ ದೂರ, ವೇಗ ಮತ್ತು ಎದೆಬಡಿತ ಬೇಕು. ಈಜುವವರಿಗೆ ನೀರಿನಲ್ಲಿ ಕೆಲಸ ಮಾಡುವ, ಕೊಳದ ಸುತ್ತು ಎಣಿಸುವ ಸಾಧನ ಬೇಕು. ಬರೀ ತೂಕ ಎತ್ತುವವರಿಗೆ ಟ್ರ್ಯಾಕರ್‌ನಿಂದ ಸಿಗುವ ಲಾಭ ಕಡಿಮೆ. ಅವರಿಗೆ ಒಂದು ನೋಟ್‌ಬುಕ್ಕೇ ಸಾಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಹೆಜ್ಜೆ ಎಂದ ಕೂಡಲೇ ಎಲ್ಲರೂ 10,000 ಎನ್ನುತ್ತಾರೆ, ಅಲ್ವಾ? ಆ ಸಂಖ್ಯೆ ಯಾವ ವೈದ್ಯರೂ ಲೆಕ್ಕ ಹಾಕಿ ಕೊಟ್ಟದ್ದಲ್ಲ. 1965ರ ಸುಮಾರಿಗೆ, ಟೋಕಿಯೊ ಒಲಿಂಪಿಕ್ಸ್ ಮುಗಿದ ಹೊಸತರಲ್ಲಿ, ಜಪಾನಿನ ಒಂದು ಕಂಪನಿ ತನ್ನ ಹೆಜ್ಜೆ ಎಣಿಸುವ ಯಂತ್ರ ಮಾರಲು ಅದನ್ನು ಬಳಸಿತು. 2019ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನ ಸರಾಸರಿ 72 ವರ್ಷದ ಮಹಿಳೆಯರನ್ನು ಗಮನಿಸಿತ್ತು. ದಿನಕ್ಕೆ ಸುಮಾರು 2,700 ಹೆಜ್ಜೆ ಹಾಕುವವರಿಗಿಂತ 4,400 ಹೆಜ್ಜೆ ಹಾಕುವವರಲ್ಲಿ ಸಾವಿನ ಪ್ರಮಾಣ ಕಡಿಮೆ ಇತ್ತು. ಸುಮಾರು 7,500ರ ನಂತರ ಹೆಚ್ಚಿನ ಲಾಭ ಕಾಣಲಿಲ್ಲ. ಆದ್ದರಿಂದ ಗುರಿಯನ್ನು ನಿಮಗೆ ಬೇಕಾದಂತೆ ಬದಲಿಸಲು ಬಿಡುವ ಸಾಧನವನ್ನೇ ಆರಿಸಿ. ಇನ್ನೂ ಒಳ್ಳೆಯದೆಂದರೆ ವಾರದ ನಿಮಿಷಗಳ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ, ಇಲ್ಲವೇ 75ರಿಂದ 150 ನಿಮಿಷ ಜೋರಾದ ಶ್ರಮ. ಇದನ್ನು ನೇರವಾಗಿ ತೋರಿಸುವ ಆ್ಯಪ್‌ಗಳಿವೆ.

ಹಂತ 2: ಬ್ಯಾಂಡ್, ವಾಚ್, ಉಂಗುರ, ಎದೆಪಟ್ಟಿ

ಮೊದಲ ಸಲ ಕೊಳ್ಳುವವರಿಗೆ ನನ್ನ ಸಲಹೆ ತೆಳ್ಳನೆಯ ಬ್ಯಾಂಡ್. ಹಗುರ, ರಾತ್ರಿ ಮಲಗುವಾಗ ಚುಚ್ಚುವುದಿಲ್ಲ, ಚಾರ್ಜ್ ಜಾಸ್ತಿ ದಿನ ಬರುತ್ತದೆ. ಹೊರಗೆ ಓಡುವಾಗ, ಸೈಕಲ್ ತುಳಿಯುವಾಗ ಫೋನ್ ಒಯ್ಯಲು ಇಷ್ಟ ಇಲ್ಲದವರು ಮಾತ್ರ ಜಿಪಿಎಸ್ ಒಳಗೇ ಇರುವ ವಾಚ್ ತೆಗೆದುಕೊಳ್ಳಿ. ಅಗ್ಗದ ಬ್ಯಾಂಡ್‌ಗಳಲ್ಲಿ ‘ಜಿಪಿಎಸ್ ಇದೆ’ ಎಂದು ಬರೆದಿದ್ದರೂ ಎಷ್ಟೋ ಸಲ ಅದು ಫೋನಿನ ಜಿಪಿಎಸ್ ಅನ್ನು ಎರವಲು ಪಡೆಯುತ್ತದೆ. ಕೇಳಿ ಖಚಿತ ಮಾಡಿಕೊಳ್ಳಿ. ಉಂಗುರ ನಿದ್ದೆಗೆ ಚೆನ್ನ, ಕಬ್ಬಿಣದ ಸಲಾಕೆ ಹಿಡಿಯುವವರಿಗೆ ಬೇಡ. ಬೆರಳು ಒತ್ತುತ್ತದೆ, ಉಂಗುರಕ್ಕೂ ಗೀರು ಬೀಳುತ್ತದೆ. ಎದೆಗೆ ಕಟ್ಟಿ ಬಡಿತ ಅಳೆಯುವ ಎದೆಪಟ್ಟಿಯ ಮಾತು ಮುಂದಿನ ಹಂತದಲ್ಲಿದೆ.

ಮುಟ್ಟುವ ಪರದೆ ಮಾತ್ರ ಇರುವುದಕ್ಕಿಂತ ಪಕ್ಕದಲ್ಲಿ ಒಂದು ಗುಂಡಿ ಇರುವುದನ್ನೇ ಆರಿಸಿ. ಬೆವರಿದ ಬೆರಳಿಗೆ ಪರದೆ ಸರಿಯಾಗಿ ಸ್ಪಂದಿಸುವುದಿಲ್ಲ. ವ್ಯಾಯಾಮ ಶುರು ಮಾಡಲು, ನಿಲ್ಲಿಸಲು ಗುಂಡಿಯೇ ನಂಬಿಕಸ್ಥ.

ಹಂತ 3: ಎದೆಬಡಿತ ಸರಿ ಬರುತ್ತದೆಯೇ, ಪರೀಕ್ಷಿಸಿ

ನಿಮಿಷಗಳ ಲೆಕ್ಕ, ಶ್ರಮದ ವಲಯ (ಬಡಿತ ನೋಡಿ ಶ್ರಮ ಎಷ್ಟು ಜೋರು ಎಂದು ವಿಂಗಡಿಸುವುದು), ಕ್ಯಾಲೊರಿ, ನಿದ್ದೆ, ಒತ್ತಡ ಎಲ್ಲವೂ ದೊಡ್ಡ ಮಟ್ಟಿಗೆ ನಿಂತಿರುವುದು ಎದೆಬಡಿತದ ಮೇಲೆ. ಅದು ತಪ್ಪಿದರೆ ಉಳಿದವೂ ತಪ್ಪುತ್ತವೆ.

ಮೊದಲು ಸಾಧನ ಏನು ಮಾಡುತ್ತದೆ ಎಂದು ತಿಳಿಯಿರಿ. ಅದರ ಬೆನ್ನಿನಲ್ಲಿ ಹಸಿರು ದೀಪ ಮಿನುಗುತ್ತದೆ. ರಕ್ತ ಹಸಿರು ಬೆಳಕನ್ನು ಚೆನ್ನಾಗಿ ಹೀರುತ್ತದೆ. ಪ್ರತಿ ಬಡಿತಕ್ಕೂ ಚರ್ಮದಡಿ ರಕ್ತ ಹೆಚ್ಚಾದಾಗ ಮರಳಿ ಬರುವ ಬೆಳಕು ಕಡಿಮೆಯಾಗುತ್ತದೆ. ಆ ಏರಿಳಿತವನ್ನು ಸೆನ್ಸರ್ ಎಣಿಸುತ್ತದೆ. ಅಂದರೆ ಅದು ನೋಡುವುದು ಚರ್ಮದಡಿಯ ರಕ್ತವನ್ನು, ಹೃದಯವನ್ನಲ್ಲ. ಪಟ್ಟಿ ಸಡಿಲವಾಗಿ ಹೊರಗಿನ ಬೆಳಕು ನುಗ್ಗಿದರೆ ಲೆಕ್ಕ ಕೆಡುತ್ತದೆ. ಚಳಿಗೆ ಚರ್ಮದ ರಕ್ತನಾಳ ಮುದುಡಿದರೂ ಹಾಗೆಯೇ. ಸೆನ್ಸರ್ ಕೂರುವ ಜಾಗದಲ್ಲಿ ದಟ್ಟ ಹಚ್ಚೆ ಇದ್ದರೆ ಬೆಳಕು ಅಲ್ಲೇ ತಡೆಯುತ್ತದೆ. ಗಾಢ ಮೈಬಣ್ಣ ಬೆಳಕನ್ನು ಹೆಚ್ಚು ಹೀರುವುದರಿಂದ ಸಂಕೇತ ಕ್ಷೀಣವಾಗಬಹುದು. ಹಾಗಾಗಿ ನಿಮ್ಮ ಗೆಳೆಯನ ಕೈಯಲ್ಲಿ ಚೆನ್ನಾಗಿ ಓದಿದ ಮಾದರಿ ನಿಮ್ಮ ಕೈಯಲ್ಲೂ ಹಾಗೇ ಓದುತ್ತದೆ ಎನ್ನಲಾಗದು.

ಕಟ್ಟುವ ಜಾಗ ಬಹಳ ಮುಖ್ಯ. ಹೆಚ್ಚಿನವರು ಮಣಿಕಟ್ಟಿನ ಮೂಳೆಯ ಮೇಲೆಯೇ ಬಳೆಯಂತೆ ಜೋತುಬಿಡುತ್ತಾರೆ. ಅಲ್ಲಿ ಸೆನ್ಸರ್‌ಗೂ ಚರ್ಮಕ್ಕೂ ನಡುವೆ ಸಂದು ಬರುತ್ತದೆ. ದಿನದ ಉಳಿದ ಹೊತ್ತು ಮೂಳೆಯಿಂದ ಒಂದು ಬೆರಳಗಲ ಮೇಲೆ, ಮೊಣಕೈ ಕಡೆಗೆ ಇರಲಿ. ವ್ಯಾಯಾಮದಲ್ಲಿ ಎರಡು-ಮೂರು ಬೆರಳಗಲ ಮೇಲೇರಿಸಿ, ಒಂದು ತೂತು ಬಿಗಿ ಮಾಡಿ. ಕೈ ಬೀಸಿದರೆ ಜಾರಬಾರದು, ಜೋಮು ಹಿಡಿಯಲೂಬಾರದು. ಮುಗಿದ ಮೇಲೆ ಸಡಿಲಿಸಿ.

ಈಗ ಪರೀಕ್ಷೆ. ವಾಪಸ್ ಕೊಡಲು ಅವಕಾಶ ಇರುವ ಕಡೆ ಮಾತ್ರ ಕೊಂಡು, ಆ ಅವಧಿಯೊಳಗೆ ಇವನ್ನು ಮುಗಿಸಿ.

ಮೊದಲನೆಯದು ಕೂತು ಮಾಡುವುದು. ಐದು ನಿಮಿಷ ಸುಮ್ನೆ ಕುಳಿತುಕೊಳ್ಳಿ. ಇನ್ನೊಂದು ಕೈಯ ತೋರುಬೆರಳು ಮತ್ತು ನಡುಬೆರಳನ್ನು ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಒಳಬದಿಯಲ್ಲಿ ಇಟ್ಟು ನಾಡಿ ಹಿಡಿಯಿರಿ. ಹೆಬ್ಬೆರಳಿನಿಂದ ಹಿಡಿಯಬೇಡಿ, ಅದರದ್ದೇ ಮಿಡಿತ ಸೇರಿಕೊಳ್ಳುತ್ತದೆ. ಪೂರ್ತಿ 60 ಸೆಕೆಂಡ್ ಎಣಿಸಿ, ಟ್ರ್ಯಾಕರ್ ತೋರಿಸುವುದಕ್ಕೆ ಹೋಲಿಸಿ. ಐದು ಬಡಿತದೊಳಗಿನ ವ್ಯತ್ಯಾಸ ಪರವಾಗಿಲ್ಲ. ಕೂತಾಗಲೇ ತಪ್ಪುವ ಸಾಧನವನ್ನು ಮುಂದೆ ಪರೀಕ್ಷಿಸುವ ಅಗತ್ಯವೇ ಇಲ್ಲ.

ಎರಡನೆಯದು ಏರುವ ಬಡಿತ. ಉಸಿರು ಜೋರಾಗುವಷ್ಟು ಮೆಟ್ಟಿಲು ಹತ್ತಿ ಇಳಿಯಿರಿ. ನಿಂತ ಕೂಡಲೇ ನಾಡಿಯನ್ನು 15 ಸೆಕೆಂಡ್ ಎಣಿಸಿ, ನಾಲ್ಕರಿಂದ ಗುಣಿಸಿ. ನಿಂತ ಮೇಲೆ ಬಡಿತ ಬೇಗ ಇಳಿಯುವುದರಿಂದ ಇಲ್ಲಿ ಪೂರ್ತಿ ನಿಮಿಷ ಎಣಿಸಿದರೆ ಲೆಕ್ಕ ತಪ್ಪುತ್ತದೆ. ಟ್ರ್ಯಾಕರ್ ಸ್ವಲ್ಪ ಹಿಂದೆ ಬೀಳುವುದು ಸಹಜ. ನೀವು ನಿಂತು ಉಸಿರು ತಹಬಂದಿಗೆ ಬಂದ ಮೇಲೆ ಅದು ಏರತೊಡಗಿದರೆ, ಜೋರಾಗಿ ಓಡಿ, ನಿಂತು, ಮತ್ತೆ ಓಡುವ ಅಭ್ಯಾಸಕ್ಕೆ ಅದು ಕೆಲಸಕ್ಕೆ ಬಾರದು.

ಮೂರನೆಯದನ್ನು ಯಾರೂ ಮಾಡುವುದಿಲ್ಲ, ಆದರೆ ಓಡುವವರಿಗೆ ಇದೇ ಮುಖ್ಯ. ಓಡುವಾಗ ನಿಮಿಷಕ್ಕೆ 150ರಿಂದ 180 ಹೆಜ್ಜೆ ಬೀಳುತ್ತದೆ. ಪ್ರತಿ ಹೆಜ್ಜೆಗೂ ಸಾಧನ ಚರ್ಮದ ಮೇಲೆ ಕುಲುಕುತ್ತದೆ. ಕೆಲವು ಸಾಧನಗಳು ಆ ಕುಲುಕನ್ನೇ ಬಡಿತವೆಂದು ಎಣಿಸಿಬಿಡುತ್ತವೆ. ಆರಾಮಾಗಿ ಮಾತಾಡುತ್ತ ಓಡುತ್ತಿದ್ದೀರಿ, ಪರದೆ ಮಾತ್ರ 170 ಎನ್ನುತ್ತಿದೆ ಎಂದರೆ ಹೆಜ್ಜೆಯ ವೇಗವನ್ನೂ ಎಣಿಸಿ ನೋಡಿ. ಎರಡೂ ಹತ್ತಿರ ಹತ್ತಿರ ಬಂದರೆ ಕುಲುಕನ್ನೇ ಎಣಿಸುತ್ತಿದೆ ಎಂದು ಅನುಮಾನಿಸಬೇಕು. ಪಟ್ಟಿ ಬಿಗಿ ಮಾಡಿ, ಇನ್ನಷ್ಟು ಮೇಲೆ ಕಟ್ಟಿ, ಇನ್ನೊಂದು ಕೈಗೆ ಹಾಕಿ ಮತ್ತೆ ಓಡಿ. ಆಗಲೂ ಸರಿಹೋಗದಿದ್ದರೆ ಆ ಮಾದರಿ ನಿಮ್ಮ ಕೈಗೆ ಒಗ್ಗುವುದಿಲ್ಲ. ಸೈಕಲ್ ಹಿಡಿಕೆ ಹಿಡಿದಾಗ, ತೂಕ ಎತ್ತುವಾಗ ಮಣಿಕಟ್ಟು ಮಡಚಿ ಸ್ನಾಯು ಬಿಗಿಯುವುದರಿಂದಲೂ ಇಂಥದ್ದೇ ತೊಂದರೆ ಬರುತ್ತದೆ.

ಎದೆಪಟ್ಟಿ ಇರುವ ಗೆಳೆಯರಿದ್ದರೆ ಒಂದು ದಿನಕ್ಕೆ ಕೇಳಿ ತನ್ನಿ. ಅದು ಹೃದಯದ ವಿದ್ಯುತ್ ಸಂಕೇತವನ್ನೇ ಹಿಡಿಯುತ್ತದೆ, ಹಾಗಾಗಿ ಹೋಲಿಕೆಗೆ ಅದಕ್ಕಿಂತ ಒಳ್ಳೆಯದು ಮನೆಯಲ್ಲಿ ಸಿಗದು. ಫಿನ್‌ಲ್ಯಾಂಡಿನ ಪೋಲಾರ್ ಕಂಪನಿ 1982ರಲ್ಲೇ ತಂತಿಯಿಲ್ಲದ ಎದೆಬಡಿತ ಮಾಪಕ ತಂದಿತ್ತು. ಗಂಭೀರವಾಗಿ ತರಬೇತಿ ಮಾಡುವವರು ಇಂದಿಗೂ ಎದೆಪಟ್ಟಿಯನ್ನೇ ನಂಬುತ್ತಾರೆ. ನೀವೂ ಆ ಸಾಲಿನವರಾದರೆ, ಹೊರಗಿನ ಎದೆಪಟ್ಟಿಗೆ ಬ್ಲೂಟೂತ್‌ನಲ್ಲಿ ಜೋಡಿಸಬಹುದಾದ ವಾಚನ್ನೇ ಕೊಳ್ಳಿ.

ಸುತ್ತಿದ ಟವೆಲ್‌ಗೆ, ಬಾಟಲಿಗೆ ಟ್ರ್ಯಾಕರ್ ಕಟ್ಟಿ ‘ನೋಡಿ, ಇದಕ್ಕೂ ಬಡಿತ ತೋರಿಸುತ್ತಿದೆ’ ಎನ್ನುವ ವಿಡಿಯೊಗಳನ್ನು ಪರೀಕ್ಷೆ ಎಂದುಕೊಳ್ಳಬೇಡಿ. ಮರಳುವ ಬೆಳಕಿನ ಏರಿಳಿತದಲ್ಲಿ ಬಡಿತ ಹುಡುಕುವುದೇ ಸೆನ್ಸರ್‌ನ ಕೆಲಸ, ಆದ್ದರಿಂದ ಒಳ್ಳೆಯ ಸಾಧನವೂ ಹೀಗೆ ಮೋಸ ಹೋಗಬಹುದು.

ಕ್ಯಾಲೊರಿ ಸಂಖ್ಯೆಯನ್ನು ಮಾತ್ರ ಯಾವ ಸಾಧನದಲ್ಲೂ ನಂಬಬೇಡಿ. 2017ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು 60 ಜನರಿಗೆ ಏಳು ಬಗೆಯ ಸಾಧನ ಕಟ್ಟಿ ನೋಡಿದರು. ಆರು ಸಾಧನಗಳ ಎದೆಬಡಿತದ ತಪ್ಪು ಶೇ 5ಕ್ಕಿಂತ ಕಡಿಮೆ ಇತ್ತು. ಕ್ಯಾಲೊರಿಯಲ್ಲಿ ಎಲ್ಲಕ್ಕಿಂತ ಒಳ್ಳೆಯದೂ ಸರಾಸರಿ ಶೇ 27ರಷ್ಟು ತಪ್ಪಿತು, ಕೆಟ್ಟದ್ದು ಶೇ 93ರಷ್ಟು. ‘ಇಷ್ಟು ಸುಟ್ಟಿದ್ದೇನೆ, ಅಷ್ಟು ತಿನ್ನಬಹುದು’ ಎಂದು ಈ ಸಂಖ್ಯೆ ಹಿಡಿದು ಲೆಕ್ಕ ಹಾಕುವವರ ತೂಕ ಇಳಿಯದಿದ್ದರೆ ಆಶ್ಚರ್ಯವಿಲ್ಲ.

ಹಂತ 4: ವೈದ್ಯಕೀಯ ಹೆಸರಿನ ಸೌಲಭ್ಯಗಳು

ಇಲ್ಲಿ ಎಚ್ಚರ ಬೇಕು. ಚರ್ಮ ಚುಚ್ಚದೆ ರಕ್ತದ ಸಕ್ಕರೆ ಅಳೆಯುತ್ತದೆ ಎಂದು ಮಾರುವ ವಾಚ್, ಉಂಗುರ ಕಂಡರೆ ಮುಂದೆ ನಡೆಯಿರಿ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರುವರಿಯಲ್ಲಿ ಇಂಥ ಯಾವುದಕ್ಕೂ ತಾನು ಅನುಮತಿ ಕೊಟ್ಟಿಲ್ಲ ಎಂದು ಎಚ್ಚರಿಸಿತು. ಇದನ್ನು ನಂಬಿ ಇನ್ಸುಲಿನ್ ತೆಗೆದುಕೊಂಡರೆ ಜೀವಕ್ಕೇ ಅಪಾಯ. ಬಿಪಿಯೂ ಹಾಗೆಯೇ. ಸ್ಯಾಮ್‌ಸಂಗ್ ವಾಚ್‌ಗಳ ಬಿಪಿ ಸೌಲಭ್ಯವನ್ನು ಕೂಡ 28 ದಿನಕ್ಕೊಮ್ಮೆ ತೋಳಿಗೆ ಕಟ್ಟುವ ಬಿಪಿ ಯಂತ್ರದ ಜೊತೆ ಹೋಲಿಸಿ ಸರಿಪಡಿಸಬೇಕು. ಹೀಗಿರುವಾಗ ಏನೂ ಹೊಂದಿಸದೆ 120/80 ತೋರಿಸುವ ಅಗ್ಗದ ಬ್ಯಾಂಡ್ ಎಷ್ಟು ನಂಬಿಕೆಗೆ ಅರ್ಹ, ನೀವೇ ಹೇಳಿ. ಬಿಪಿ ಇರುವವರು ತೋಳಿನ ಯಂತ್ರವನ್ನೇ ಕೊಳ್ಳಿ.

ವಾಚಿನ ಇಸಿಜಿ ಉಪಯುಕ್ತವೇ. ಆ್ಯಪಲ್ 2018ರಲ್ಲಿ ಅದನ್ನು ತಂದ ಮೇಲೆ ಬೇರೆಯವರೂ ತಂದರು. ಅದು ಹುಡುಕುವುದು ಹೃದಯದ ಒಂದು ಬಗೆಯ ಅನಿಯಮಿತ ಬಡಿತವನ್ನು. ಹೃದಯಾಘಾತವನ್ನು ಅದು ಗುರುತಿಸದು. ಎದೆನೋವು ಬಂದಾಗ ವಾಚ್ ನೋಡುತ್ತ ಕೂರದೆ ಆಸ್ಪತ್ರೆಗೆ ಹೋಗಿ. ಆಮ್ಲಜನಕದ ಅಳತೆಯನ್ನಂತೂ ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಬೆರಳಿಗೆ ಹಾಕುವ ಆಸ್ಪತ್ರೆಯ ಯಂತ್ರಗಳೇ ಕಪ್ಪು ವರ್ಣದ ರೋಗಿಗಳಲ್ಲಿ ಆಮ್ಲಜನಕ ಕುಸಿದದ್ದನ್ನು ಬಿಳಿಯರಿಗಿಂತ ಸುಮಾರು ಮೂರು ಪಟ್ಟು ಹೆಚ್ಚು ಸಲ ತಪ್ಪಿಸಿಕೊಂಡಿದ್ದವು ಎಂದು 2020ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದ್ದಾರೆ. ಕುಲುಕುವ ಮಣಿಕಟ್ಟಿನ ಮೇಲೆ ಕೆಲಸ ಇನ್ನೂ ಕಷ್ಟ.

ಪೇಸ್‌ಮೇಕರ್ ಇರುವವರು ಕೊಳ್ಳುವ ಮೊದಲೇ ವೈದ್ಯರನ್ನು ಕೇಳಲೇಬೇಕು. ಕೆಲವು ವಾಚ್ ಮತ್ತು ಚಾರ್ಜರ್‌ಗಳಲ್ಲಿ ಆಯಸ್ಕಾಂತ ಇರುತ್ತದೆ, ಅದನ್ನು ಪೇಸ್‌ಮೇಕರ್‌ನಿಂದ ಕನಿಷ್ಠ 15 ಸೆಂಟಿಮೀಟರ್ ದೂರ ಇಡಬೇಕು. ಬಡಿತ ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಿಗೆ, 220ರಿಂದ ವಯಸ್ಸು ಕಳೆದು ಗರಿಷ್ಠ ಬಡಿತ ಅಂದಾಜಿಸಿ ಆ್ಯಪ್ ಲೆಕ್ಕ ಹಾಕುವ ಶ್ರಮದ ವಲಯಗಳು ಹೊಂದುವುದಿಲ್ಲ. ಮಾತ್ರೆ ಇಲ್ಲದವರಿಗೂ ಆ ಸೂತ್ರ ಅಂದಾಜು ಮಾತ್ರ. ವಲಯಗಳನ್ನು ಕೈಯಾರೆ ಬದಲಿಸಲು ಬಿಡುವ ಆ್ಯಪ್ ಇರಲಿ.

ನಿದ್ದೆಯ ವಿಷಯದಲ್ಲಿ ಎಷ್ಟು ಗಂಟೆಗೆ ಮಲಗಿದಿರಿ, ಎಷ್ಟಕ್ಕೆ ಎದ್ದಿರಿ ಎನ್ನುವುದನ್ನಷ್ಟೇ ನೋಡಿ. ಗಾಢ ನಿದ್ದೆ, ಕನಸಿನ ನಿದ್ದೆಯನ್ನು ಸರಿಯಾಗಿ ಬೇರ್ಪಡಿಸಲು ಮಿದುಳಿನ ಅಲೆಗಳನ್ನು ಅಳೆಯಬೇಕು, ಮಣಿಕಟ್ಟಿನಿಂದ ಅದು ಆಗದು. ಎಚ್ಚರವಿದ್ದು ಅಲುಗಾಡದೆ ಮಲಗಿದ್ದರೂ ಸಾಧನ ಅದನ್ನು ಎಷ್ಟೋ ಸಲ ನಿದ್ದೆ ಎಂದು ಬರೆದುಕೊಳ್ಳುತ್ತದೆ.

ಹಂತ 5: ಬ್ಯಾಟರಿ, ನೀರು, ಪಟ್ಟಿ

ಬ್ಯಾಟರಿ ಎಷ್ಟು ದಿನ ಎಂದು ಡಬ್ಬಿ ಹೇಳುವುದು ಹೆಚ್ಚಿನ ಸೌಲಭ್ಯಗಳನ್ನು ಆಫ್ ಮಾಡಿಟ್ಟಾಗಿನ ಲೆಕ್ಕ. ಪರದೆ ಸದಾ ಬೆಳಗುತ್ತಿದ್ದರೆ, ಜಿಪಿಎಸ್ ಓಡುತ್ತಿದ್ದರೆ ಬೇಗ ಇಳಿಯುತ್ತದೆ.

ಡಬ್ಬಿಯ ಮೇಲೆ 5 ಎಟಿಎಂ (ವಾತಾವರಣದ ಒತ್ತಡದ ಐದು ಪಟ್ಟು) ಅಥವಾ 50 ಮೀಟರ್ ಎಂದಿದ್ದರೆ ಈಜಬಹುದು, ಆಳಕ್ಕೆ ಧುಮುಕಬಾರದು. ಆ 50 ಮೀಟರ್ ನಿಂತ ನೀರಿನ ಒತ್ತಡದ ಲೆಕ್ಕ. ಸೋಪು ಮತ್ತು ಬಿಸಿ ಹಬೆ ರಬ್ಬರ್ ಸೀಲನ್ನು ಹಾಳುಮಾಡುತ್ತವೆ, ಸ್ನಾನಕ್ಕೆ ಬಿಚ್ಚಿಡಿ.

ಪಟ್ಟಿ ಮಾಮೂಲಿ ವಾಚಿನ ಪಟ್ಟಿಯಂತೆ ಬದಲಿಸಲು ಬರುವಂಥದ್ದಿರಲಿ. ಆ ಕಂಪನಿಯದ್ದೇ ಪಟ್ಟಿ ಬೇಕು ಎನ್ನುವ ಮಾದರಿಗಳಲ್ಲಿ ಪಟ್ಟಿ ಸಿಗುವುದು ನಿಂತ ದಿನ ಸಾಧನವೂ ಮೂಲೆ ಸೇರುತ್ತದೆ. ಡಬ್ಬಿಯ ಜೊತೆ ಬರುವ ಸಿಲಿಕೋನ್ ಪಟ್ಟಿಯಡಿ ಬೆವರು ನಿಂತು ಚರ್ಮ ಕೆಂಪಾಗುವುದು ಸಾಮಾನ್ಯ. ನನ್ನ ಆಯ್ಕೆ ನೈಲಾನ್ ನೇಯ್ಗೆಯ ಪಟ್ಟಿ. ಬೇಗ ಒಣಗುತ್ತದೆ, ತೂತುಗಳ ಗೊಡವೆಯಿಲ್ಲದೆ ಬೇಕಾದಷ್ಟೇ ಬಿಗಿ ಮಾಡಬಹುದು. ನಿಕಲ್ ಅಲರ್ಜಿ ಇದ್ದವರು ಕೊಂಡಿಯ ಲೋಹ ಯಾವುದೆಂದು ಕೇಳಿ.

ಹಂತ 6: ಆ್ಯಪ್ ಮತ್ತು ನಿಮ್ಮ ದಾಖಲೆ

ಸಾಧನ ಕೊಳ್ಳುವ ಮೊದಲೇ ಅದರ ಆ್ಯಪ್ ಅನ್ನು ಫೋನಿಗೆ ಹಾಕಿ ನೋಡಿ. ಮೂರು ಪ್ರಶ್ನೆ ಕೇಳಿಕೊಳ್ಳಿ: ತಿಂಗಳ ಚಂದಾ ಕಟ್ಟದಿದ್ದರೆ ಏನೇನು ಮುಚ್ಚಿಹೋಗುತ್ತದೆ? ನನ್ನ ದಾಖಲೆಯನ್ನು ಇಳಿಸಿಕೊಳ್ಳಬಹುದೇ? ಖಾತೆ ಅಳಿಸಬಹುದೇ? ಕಂಪನಿ ಮುಚ್ಚಿದರೆ ಆ್ಯಪ್ ಕೂಡ ಹೋಗಬಹುದು. ಇಂಥ ಸಾಧನ ಮಾರುತ್ತಿದ್ದ ಪೆಬಲ್ ಕಂಪನಿ 2016ರಲ್ಲಿ, ಜಾಬೋನ್ ಕಂಪನಿ 2017ರಲ್ಲಿ ಬಾಗಿಲು ಹಾಕಿದವು.

ಓಡಿದ ದಾರಿಯ ನಕ್ಷೆ ಎಲ್ಲರಿಗೂ ಕಾಣುವಂತೆ ಬಿಡಬೇಡಿ. 2018ರಲ್ಲಿ ಸ್ಟ್ರಾವಾ ಆ್ಯಪ್‌ನ ಜಾಗತಿಕ ನಕ್ಷೆಯಲ್ಲಿ, ಸೈನಿಕರು ಓಡಿದ ಗೆರೆಗಳಿಂದ ಸೇನಾ ನೆಲೆಗಳ ಆಕಾರವೇ ಕಾಣಿಸಿಕೊಂಡಿತ್ತು. ನಿಮ್ಮ ನಕ್ಷೆಯಲ್ಲಿ ಕಾಣುವುದು ನಿಮ್ಮ ಮನೆಯ ಬಾಗಿಲು ಮತ್ತು ನೀವು ಹೊರಗಿರುವ ಹೊತ್ತು. ಆ್ಯಪ್ ಹಾಕಿದ ದಿನವೇ ಅದನ್ನು ಖಾಸಗಿ ಮಾಡಿ.

ಹಂತ 7: ಮೊದಲ ವಾರ

ವಯಸ್ಸು, ಎತ್ತರ, ತೂಕ ನಿಜವಾದದ್ದನ್ನೇ ತುಂಬಿ. ಬರೆಯದ ಕೈಗೆ ಕಟ್ಟಿ, ಯಾವ ಕೈ ಎಂದು ಆ್ಯಪ್‌ಗೂ ತಿಳಿಸಿ. ನೂರು ಹೆಜ್ಜೆ ಎಣಿಸುತ್ತ ನಡೆದು ಲೆಕ್ಕ ತಾಳೆ ನೋಡಿ. ತಳ್ಳುಗಾಡಿ ದೂಡುತ್ತ ನಡೆದರೆ ಕೈ ಬೀಸದ ಕಾರಣ ಹೆಜ್ಜೆ ಕಡಿಮೆ ಬೀಳುತ್ತದೆ, ಅದು ದೋಷವಲ್ಲ. ಫೋನಿನ ಸಂದೇಶಗಳಿಗೆಲ್ಲ ಕೈ ನಡುಗಿಸುವುದನ್ನು ನಿಲ್ಲಿಸಿ, ಕರೆಗಳಿಗೆ ಮಾತ್ರ ಇರಲಿ.

ವಾರದ ಕೊನೆಗೆ ಮೊದಲ ಹಂತದ ಕಾಗದ ತೆಗೆದು, ನೀವು ಬರೆದ ಆ ಸಂಖ್ಯೆ ಸರಿ ಬರುತ್ತಿದೆಯೇ ನೋಡಿ. ಇಲ್ಲವೆಂದರೆ ಅಂಗಡಿಯವರ ಮುಖ ನೋಡಿ ಸಂಕೋಚಪಡಬೇಡಿ, ವಾಪಸ್ ಕೊಡಿ. ಕೊಡುವ ಮುನ್ನ ಫೋನಿನ ಜೋಡಣೆ ಬಿಡಿಸಿ, ಸಾಧನವನ್ನು ರೀಸೆಟ್ ಮಾಡಿ, ಖಾತೆಯಲ್ಲಿ ಉಳಿದ ದಾಖಲೆಯನ್ನೂ ಅಳಿಸಿಬಿಡಿ.