ದುಬೈಯಲ್ಲಿ ನಿಂತುಹೋದ ನಮ್ಮ ಟೊಮೆಟೊ ಸಾಸ್

ಹೊಸೂರು ಹತ್ತಿರ ನಮ್ಮದೊಂದು ಸಣ್ಣ ಸಾಸ್ ಘಟಕ. ಹಣ್ಣು ರಾಯಕೋಟೆ ಮಂಡಿಯದು. ಮೊದಲ ಸಲ ದುಬೈಗೆ ಕಳಿಸಿದ ಪೆಟ್ಟಿಗೆಗಳು ಬಂದರಿನಲ್ಲೇ ನಿಂತವು. ಸಾಸ್ ಚೆನ್ನಾಗಿಯೇ ಇತ್ತು, ತಪ್ಪಿದ್ದು ಲೇಬಲ್. ಅಲ್ಲಿ ಅರೇಬಿಕ್ ಕಡ್ಡಾಯ, ನಮ್ಮದರಲ್ಲಿ ಬರೀ ಇಂಗ್ಲಿಷ್.

ಅಲ್ಲೇ ಇರುವ ನನ್ನ ತಮ್ಮ ಅರೇಬಿಕ್ ಸ್ಟಿಕ್ಕರ್ ಅಂಟಿಸಿದ. ಅದು ಹೋಗಿ ಹೋಗಿ ತಯಾರಿಕೆ ದಿನಾಂಕದ ಮೇಲೇ ಕೂತಿತು! ದಿನಾಂಕ ಮುಚ್ಚುವ ಹಾಗಿಲ್ಲ. ಪಾಪ, ಒಂದೊಂದೇ ಬಾಟಲಿ ಒದ್ದೆ ಬಟ್ಟೆಯಲ್ಲಿ ನೆನೆಸಿ, ಉಗುರಿನಲ್ಲಿ ಕೆರೆದು ಬಿಡಿಸಿದ. ಮತ್ತೆ ಅಂಟಿಸಿದ ಮೇಲೆ ಸರಕು ಹೊರಬಂತು.

ಈಗ ಎರಡೂ ಭಾಷೆ ಒಂದೇ ಲೇಬಲ್‌ನಲ್ಲಿದೆ. ಪದಾರ್ಥಗಳನ್ನು ತೂಕದಲ್ಲಿ ಜಾಸ್ತಿ ಇರುವುದರಿಂದ ಶುರು ಮಾಡಿ ಬರೆಸಿದ್ದೇವೆ. ತಯಾರಿಕೆ ಮತ್ತು ಅವಧಿ ಮುಗಿಯುವ ದಿನಾಂಕ ಎರಡನ್ನೂ ಗಾಜಿನ ಮೇಲೇ ಹೊಡೆಸುತ್ತೇವೆ. ಮುದ್ರಣಕ್ಕೆ ಮುಂಚೆ ಆಮದುದಾರರಿಂದ ಲೇಬಲ್ ನೋಂದಣಿ ಮಾಡಿಸುತ್ತೇವೆ. ಮೊನ್ನೆ ಹೋದ ಸರಕು ಎಲ್ಲೂ ನಿಲ್ಲಲಿಲ್ಲ.