ಗೈಡಿಂಗ್ ಇಲ್ಲದೆ ಟೆರೇಸ್ ಮೇಲೆ ಸಿಕ್ಕ ಕುದುರೆತಲೆ

ಓರಿಯನ್ ನಕ್ಷತ್ರಪುಂಜದ ಕುದುರೆತಲೆ ನೀಹಾರಿಕೆ, ಕುದುರೆ ತಲೆಯಂತೆ ಕಾಣುವ ಕಪ್ಪು ಧೂಳಿನ ಮೋಡ, ಕೊನೆಗೂ ಫೋಟೋದಲ್ಲಿ ಬಂತು. ಊರ ನಡುವಿನ ಟೆರೇಸ್ ಮೇಲಿಂದ, ಸುತ್ತ ಬೀದಿದೀಪ ಉರಿಯುತ್ತಿರುವಾಗಲೇ, 200 ಎಂಎಂ ಲೆನ್ಸ್ ಮತ್ತು ಆಕಾಶದ ಜೊತೆಗೇ ಕ್ಯಾಮೆರಾ ತಿರುಗಿಸುವ ಸಣ್ಣದೊಂದು ಟ್ರ್ಯಾಕರ್‌ನಲ್ಲಿ. ನಕ್ಷತ್ರವೊಂದನ್ನು ನೋಡುತ್ತ ಟ್ರ್ಯಾಕರ್‌ನ ತಪ್ಪು ತಿದ್ದುವ ಗೈಡಿಂಗ್ ಇಲ್ಲ, ಫಿಲ್ಟರ್ ಇಲ್ಲ. "ಐದೈದು ನಿಮಿಷದ ಸಬ್ (ಒಂದೊಂದು ಬಿಡಿ ಫೋಟೋ) ಇಲ್ಲದೆ ಅದು ಬರಲ್ಲ, ಸುಮ್ಮನೆ ನಿದ್ದೆ ಕೆಡಿಸ್ಕೋಬೇಡಿ" ಅಂದವರೇ ಈಗ ರಾ ಫೈಲ್ ಕೇಳುತ್ತಿದ್ದಾರೆ.

ಮೊದಲ ಚಳಿಗಾಲವಿಡೀ ದುಡ್ಡು ಕಳೆದೆ. ಬೆಳಕಿನ ಮಾಲಿನ್ಯ ತಡೆಯುತ್ತೆ ಅಂತ ಒಂದು ಬ್ರಾಡ್‌ಬ್ಯಾಂಡ್ ಫಿಲ್ಟರ್ ತಗೊಂಡೆ. ಹಳೇ ಸೋಡಿಯಂ ದೀಪಗಳಿದ್ದಾಗ ಅದು ಕೆಲಸಕ್ಕೆ ಬರುತ್ತಿತ್ತೇನೋ. ನಮ್ಮ ಬೀದಿಗೆ ಬಿಳಿ ಎಲ್‌ಇಡಿ ಬಂದಾಗಿತ್ತು, ಅದರ ಬೆಳಕು ಎಲ್ಲ ಬಣ್ಣದಲ್ಲೂ ಹರಡಿರುತ್ತೆ. ಫಿಲ್ಟರ್ ಅರ್ಧ ಬೆಲೆಗೆ ಮಾರಿ, ಬಂದ ದುಡ್ಡಲ್ಲಿ ಕ್ಯಾಮೆರಾ ಮಾಡಿಫೈ ಮಾಡಿಸಿದೆ, ಅಂದರೆ ಸೆನ್ಸರ್ ಮುಂದೆ ಕಂಪನಿ ಕೂರಿಸಿದ್ದ ಫಿಲ್ಟರ್ ತೆಗೆಸಿದೆ. ಖರ್ಚು ಮಾಡಿದ್ದರಲ್ಲಿ ಸಾರ್ಥಕವಾಗಿದ್ದು ಇದೊಂದೇ. ಕುದುರೆಯ ಹಿಂದಿನ ಕೆಂಪು ಪರದೆ ಐಸಿ 434 ಬಹುಪಾಲು ಹೈಡ್ರೋಜನ್ ಆಲ್ಫಾ, ಅಂದರೆ ಹೈಡ್ರೋಜನ್ ಅನಿಲದ ಕಡುಗೆಂಪು ಬೆಳಕು, 656 ನ್ಯಾನೋಮೀಟರ್. ಕಂಪನಿ ಫಿಲ್ಟರ್ ಅದರಲ್ಲಿ ಮುಕ್ಕಾಲು ಪಾಲು ನುಂಗಿಬಿಡುತ್ತಿತ್ತು.

ಗೈಡಿಂಗ್‌ಗೆ ಬೇಕಾದ ಸಣ್ಣ ದೂರದರ್ಶಕ, ಗೈಡ್‌ಸ್ಕೋಪಿಗೆ ಕೈ ಹಾಕಲಿಲ್ಲ. ಎಫ್/4, ಐಎಸ್‌ಒ 800, 30 ಸೆಕೆಂಡ್‌ಗೆ ನನ್ನ ಆಕಾಶದ ಹಿಸ್ಟೋಗ್ರಾಂ (ಬೆಳಕಿನ ಹಂಚಿಕೆಯ ನಕ್ಷೆ) ಎಡದಿಂದ ಮೂರನೇ ಒಂದು ಭಾಗಕ್ಕೆ ಬಂದು ನಿಲ್ಲುತ್ತೆ. ಬೆಳಗಿದ ಆಕಾಶವೇ ತರುವ ನಾಯ್ಸ್ (ಕಾಳುಕಾಳು ಗಲೀಜು) ಮುಂದೆ, ಪ್ರತಿ ಫೋಟೋ ಓದುವಾಗ ಕ್ಯಾಮೆರಾ ಸೇರಿಸುವ ರೀಡ್ ನಾಯ್ಸ್ ಲೆಕ್ಕಕ್ಕೇ ಇಲ್ಲ. ಹಾಗಿದ್ದ ಮೇಲೆ ಐದು ನಿಮಿಷದ ಒಂದು ಸಬ್ಬೂ ಅರ್ಧ ನಿಮಿಷದ ಹತ್ತೂ ಹೆಚ್ಚುಕಡಿಮೆ ಒಂದೇ. ಕತ್ತಲೆ ಆಕಾಶದಲ್ಲಿ ಈ ಲೆಕ್ಕ ನಡೆಯಲ್ಲ, ಅದು ನೆನಪಿರಲಿ.

ಹೀಗೆ ಹೊರಟು ಮೂರು ರಾತ್ರಿ ತೆಗೆದಿದ್ದು ಪೂರ್ತಿ ವ್ಯರ್ಥವಾಯಿತು. ಎಲ್ಲ ಫ್ರೇಮು ಒಂದರ ಮೇಲೊಂದು ಸೇರಿಸಿ (ಸ್ಟ್ಯಾಕ್), ಮಸುಕು ಭಾಗ ಕಾಣುವ ಹಾಗೆ ಸ್ಟ್ರೆಚ್ ಎಳೆದರೆ ಚಿತ್ರದ ತುಂಬ ಓರೆ ಗೀರು, ಬಾಚಣಿಗೆಯಲ್ಲಿ ಎಳೆದ ಹಾಗೆ. ಲೆನ್ಸ್ ಮುಚ್ಚಿ ತೆಗೆದ ಡಾರ್ಕ್ ಫ್ರೇಮು ಕಳೆದರೂ ಹೋಗಲಿಲ್ಲ. ಟ್ರ್ಯಾಕರ್‌ನ ಅಕ್ಷವನ್ನು ಆಕಾಶದ ಧ್ರುವಕ್ಕೆ ಹೊಂದಿಸುವ ಪೋಲಾರ್ ಅಲೈನ್‌ಮೆಂಟ್‌ನಲ್ಲಿ ಉಳಿದಿದ್ದ ಚೂರು ತಪ್ಪಿನಿಂದ ಫ್ರೇಮು ಒಂದೇ ದಿಕ್ಕಿಗೆ ಸರಿಯುತ್ತಿತ್ತು, ಅದರ ಜೊತೆ ಸೆನ್ಸರ್‌ನ ಕಲೆಗಳೂ ಸಾಲುಗಟ್ಟಿದ್ದವು. ಆಮೇಲಿಂದ ಪ್ರತಿ ಹತ್ತು ಫ್ರೇಮಿಗೆ ಎದ್ದು ಹೋಗಿ ಕೈಯಲ್ಲೇ ಡಿದರ್ ಮಾಡಿದೆ, ಅಂದರೆ ಫ್ರೇಮನ್ನು ಬೇಕೆಂದೇ ಚೂರು ಸರಿಸಿದೆ: ಡೆಕ್ (ಉತ್ತರ-ದಕ್ಷಿಣ) ಬ್ರಾಕೆಟ್‌ನ ತಿರುಪು ಸ್ವಲ್ಪ, ಆರ್‌ಎ (ಪೂರ್ವ-ಪಶ್ಚಿಮ) ಬಟನ್ ಒಂದೆರಡು ಸಲ, ದಿಕ್ಕು ಪ್ರತಿ ಸಲ ಬೇರೆ. ಗೀರು ಮಾಯ. ತಿರುಪು ಮುಟ್ಟಿದಾಗ ಅಲೈನ್‌ಮೆಂಟ್ ಕದಲದ ಹಾಗೆ ಮಾಡಿಕೊಂಡ ಏರ್ಪಾಡು ಒಂದಿದೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ನಡುವೆ, ಅಂಚಿನ ಕತ್ತಲು ಮತ್ತು ಧೂಳಿನ ಕಲೆ ತಿದ್ದಲು ಸಮನಾದ ಬೆಳಕಲ್ಲಿ ತೆಗೆಯುವ ಫ್ಲಾಟ್ಸ್ ಜೊತೆ ಒಂದು ವಾರ ಆಡಿದೆ. ಬಿಳಿ ಬನಿಯನ್ ಕಟ್ಟಿ ಮುಂಜಾನೆ ಆಕಾಶಕ್ಕೆ ಹಿಡಿದಿದ್ದು ಟ್ಯಾಬ್ಲೆಟ್ ಪರದೆಗಿಂತ ಚೆನ್ನಾಗಿ ಬಂತು. ಪರದೆಯಲ್ಲಿ ಶಟರ್ ವೇಗ ಹೆಚ್ಚಾದರೆ ಪಟ್ಟಿ ಪಟ್ಟಿ ಬೀಳುತ್ತೆ. ಇಬ್ಬನಿ ಕೂರದ ಹಾಗೆ ಬಿಸಿ ಮಾಡಲು ರೆಸಿಸ್ಟರ್ ಸರ ಬೆಸೆದು ಲೆನ್ಸಿಗೆ ಸುತ್ತಿದೆ, ಇವತ್ತಿಗೂ ಅದೇ ನಡೆಯುತ್ತಿದೆ. ಫೋಕಸ್ ಮಾತ್ರ ಗಂಟೆಗೊಮ್ಮೆ ಬಾಹ್ಟಿನೋವ್ ಮಾಸ್ಕ್ ಎಂಬ ಸೀಳುಗಳಿರುವ ಮುಚ್ಚಳ ಹಾಕಿ ನೋಡಲೇಬೇಕು.

ಆರು ರಾತ್ರಿ, ಸುಮಾರು 1,100 ಫ್ರೇಮು. ಮೋಡ, ಉದ್ದವಾದ ನಕ್ಷತ್ರ ಅಂತ ಇನ್ನೂರು ಕಿತ್ತೆಸೆದೆ. ಉಳಿದದ್ದು ಏಳೂವರೆ ಗಂಟೆ. ಮೊದಲ ರಾತ್ರಿಯ ಸ್ಟ್ಯಾಕ್‌ನಲ್ಲಿ ಓರಿಯನ್ ಸೊಂಟಪಟ್ಟಿಯ ನಕ್ಷತ್ರ ಆಲ್ನಿಟಾಕ್ ಕೆಳಗೆ ಅರ್ಧವೃತ್ತದ ತಗ್ಗೊಂದು ಕಂಡಿತ್ತು ಅಷ್ಟೇ. 1888ರ ಹಾರ್ವರ್ಡ್ ಗಾಜಿನ ಪ್ಲೇಟಿನಲ್ಲಿ ಈ ನೀಹಾರಿಕೆಯನ್ನು ಮೊದಲು ಗುರುತಿಸಿದ ಖಗೋಳಜ್ಞೆ ವಿಲಿಯಮಿನಾ ಫ್ಲೆಮಿಂಗ್‌ಗೆ ಕಂಡಿದ್ದೂ ಅಂಥದೇ ತಗ್ಗು ಅಂತ ನೆನೆದು ಮೈ ಜುಮ್ಮೆಂದಿತ್ತು. ಆರನೇ ರಾತ್ರಿ ಮುಗಿದಾಗ ಮೂತಿ, ಕತ್ತು ಎರಡೂ ಬಿಡಿಬಿಡಿಯಾಗಿ ಕಂಡವು. ಇಡೀ ಫ್ರೇಮಿನಲ್ಲಿ ಕುದುರೆಯ ಎತ್ತರ ಎಂಬತ್ತು ಪಿಕ್ಸೆಲ್ ಇರಬಹುದು. ಆಲ್ನಿಟಾಕ್ ಸುತ್ತಲಿನ ಹಾಲೋ (ಬೆಳಕಿನ ಬಳೆ) ಇನ್ನೂ ಹಾಗೇ ಇದೆ. ಅಪರ್ಚರ್ ಬ್ಲೇಡ್ ಬದಲು ಲೆನ್ಸ್ ಮುಂದೆ ರಟ್ಟಿನ ದುಂಡು ಉಂಗುರ ಹಾಕಿ ನೋಡಲು ಕತ್ತರಿಸಿ ಇಟ್ಟಿದ್ದೇನೆ, ಅಮಾವಾಸ್ಯೆಗೆ ಕಾಯುತ್ತಿದ್ದೇನೆ.