ಕಡ್ಡಿ ಮುರಿದ ಮೇಲೆ ಕೆಳಮೈ ನೋಡಿ: ಕ್ರೌನ್ ಕಾಂಪೋಸಿಟ್ ಪರೀಕ್ಷೆಯಲ್ಲಿ ನನ್ನ ಅನುಭವ

ಹಲ್ಲಿನ ಕ್ರೌನ್‌ಗೆ (ಹಲ್ಲಿನ ಮೇಲೆ ಕೂರಿಸುವ ಟೊಪ್ಪಿಗೆ) ಬಳಸುವ ಕಾಂಪೋಸಿಟ್, ಅಂದರೆ ರೆಸಿನ್‌ಗೆ ಗಾಜಿನ ಕಣ ಬೆರೆಸಿದ ವಸ್ತು, ಎಷ್ಟು ಗಟ್ಟಿ ಅಂತ ನೋಡಲು ನಾನು ಕ್ರೌನನ್ನೇ ಒಡೆಯುವುದಿಲ್ಲ. 25 ಮಿ.ಮೀ. ಉದ್ದ, 2 ಮಿ.ಮೀ. ಅಗಲ, 2 ಮಿ.ಮೀ. ದಪ್ಪದ ಕಡ್ಡಿ ಮಾಡಿ, ಬಗ್ಗಿಸಿ ಮುರಿಯುತ್ತೇನೆ. ಐಎಸ್‌ಒ 4049 ಎಂಬ ಅಂತರರಾಷ್ಟ್ರೀಯ ಮಾನದಂಡ ಹೇಳುವುದೂ ಇದೇ ಅಳತೆಯನ್ನು.

ಅಚ್ಚು ತುಂಬುವುದೇ ಇದರಲ್ಲಿ ದೊಡ್ಡ ಕೆಲಸ. ಪೇಸ್ಟನ್ನು ತುಸು ಜಾಸ್ತಿಯೇ ತುಂಬಿ, ಮೇಲೂ ಕೆಳಗೂ ಪಾರದರ್ಶಕ ಹಾಳೆ ಇಟ್ಟು ಗಾಜಿನಿಂದ ಒತ್ತುತ್ತೇನೆ. ಹಾಳೆ ಇಲ್ಲದಿದ್ದರೆ ಗಾಳಿ ತಾಗಿದ ಮೇಲ್ಪದರ ಪೂರ್ತಿ ಗಟ್ಟಿಯಾಗದೆ ಅಂಟಂಟಾಗಿ ಉಳಿಯುತ್ತದೆ. ಪೇಸ್ಟನ್ನು ಗಟ್ಟಿಮಾಡುವ ನೀಲಿ ಲೈಟಿನ ತುದಿ ಕಡ್ಡಿಗಿಂತ ಚಿಕ್ಕದು. ಹಾಗಾಗಿ ಮಧ್ಯದಿಂದ ಶುರು ಮಾಡಿ, ಒಂದು ಸುತ್ತು ಇನ್ನೊಂದರ ಮೇಲೆ ಸ್ವಲ್ಪ ಬರುವಂತೆ ತುದಿಯವರೆಗೆ ಬೆಳಕು ಬಿಡಬೇಕು. ತಿರುಗಿಸಿ ಆ ಕಡೆಯೂ ಅಷ್ಟೇ. ಅಂಚನ್ನು 320 ನಂಬರಿನ ಉಜ್ಜು ಕಾಗದದಲ್ಲಿ ಸರಿಮಾಡಿ, 37 ಡಿಗ್ರಿ ನೀರಿನಲ್ಲಿ 24 ಗಂಟೆ ಇಡುತ್ತೇನೆ. ಬಾಯೊಳಗಿನ ಬಿಸಿಯೂ ಅಷ್ಟೇ ಅಲ್ವಾ?

ಮುರಿಯುವ ಮುಂಚೆ ದಪ್ಪ ಅಳೆಯಲೇಬೇಕು. ಲೆಕ್ಕದಲ್ಲಿ ದಪ್ಪದ ವರ್ಗ ಬರುತ್ತದೆ. 1.9 ಇರುವುದನ್ನು ಸುಮ್ನೆ 2 ಅಂತ ಬರೆದುಕೊಂಡರೆ ವಸ್ತುವಿನ ಗಟ್ಟಿತನ ಸುಮಾರು ಶೇ 10ರಷ್ಟು ಕಡಿಮೆ ಬರುತ್ತದೆ.

ಕಡ್ಡಿಯನ್ನು 20 ಮಿ.ಮೀ. ದೂರದ ಎರಡು ಆಧಾರಗಳ ಮೇಲಿಟ್ಟು ನಡುವೆ ಒತ್ತುತ್ತೇನೆ. ವೇಗ ನಿಮಿಷಕ್ಕೆ 0.75 ಮಿ.ಮೀ. ಬಾಯಿಯ ಹೊರಗೆ ಗಟ್ಟಿಮಾಡಿ ಕೂರಿಸುವ, ಅಗಿಯುವ ಮೈಗೆ ಬರುವ ವಸ್ತುವಿಗೆ ಕನಿಷ್ಠ 100 ಮೆಗಾಪಾಸ್ಕಲ್ (ಒತ್ತಡದ ಅಳತೆ) ಗಟ್ಟಿತನ ಬೇಕು. ಈ ತೆಳು ಕಡ್ಡಿಯಲ್ಲಿ ಅದು ಸುಮಾರು 27 ನ್ಯೂಟನ್, ಅಂದರೆ ಮೂರು ಕೆಜಿಗೂ ಕಡಿಮೆ ಭಾರ. ಇಷ್ಟು ಸಣ್ಣ ಬಲದಲ್ಲಿ ಚಿಕ್ಕ ತಪ್ಪೂ ದೊಡ್ಡದಾಗಿ ಕಾಣುತ್ತದೆ.

ಒಂದು ಸಲ ಐದರಲ್ಲಿ ಎರಡು ಕಡ್ಡಿ ತೀರಾ ಬೇಗ ಮುರಿದವು. ವಸ್ತುವೇ ಸರಿಯಿಲ್ಲ ಅಂತ ಬರೆಯಲು ಹೊರಟಿದ್ದೆ. ಯಾಕೋ ಮನಸ್ಸು ಒಪ್ಪದೆ ತುಂಡುಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಮುರಿದ ಮುಖದಲ್ಲಿ, ಕೆಳ ಅಂಚಿಗೆ ತಾಗಿದಂತೆ, ಸೂಜಿಮೊನೆಯಷ್ಟು ದುಂಡನೆಯ ಗುಳಿ. ಅದರ ಸುತ್ತ ನುಣುಪು. ಅಲ್ಲಿಂದ ಗೆರೆಗಳು ಬೀಸಣಿಗೆಯಂತೆ ಹರಡಿದ್ದವು. ಅದು ಗಾಳಿಗುಳ್ಳೆ. ಬಗ್ಗಿಸುವಾಗ ಎಳೆತ ಜಾಸ್ತಿ ಬೀಳುವುದು ಕೆಳಮೈಗೇ, ಬಿರುಕು ಹುಟ್ಟಿದ್ದೂ ಅಲ್ಲೇ. ಪೇಸ್ಟನ್ನು ಎರಡು ಉಂಡೆಯಾಗಿ ಇಟ್ಟು ಒತ್ತಿದ್ದೆ, ನಡುವೆ ಗಾಳಿ ಸಿಕ್ಕಿಕೊಂಡಿತ್ತು. ತಪ್ಪು ನನ್ನ ಕೈಯದು.

ಆಮೇಲಿಂದ ಒಂದೇ ಉಂಡೆಯಾಗಿ, ಒಂದು ತುದಿಯಿಂದ ತಳ್ಳುತ್ತಾ ತುಂಬುತ್ತೇನೆ. ಪ್ರತಿ ಕಡ್ಡಿಯನ್ನೂ ಬೆಳಕಿಗೆ ಹಿಡಿದು ನೋಡಿ, ಗುಳ್ಳೆ ಕಂಡರೆ ಪರೀಕ್ಷೆಗೆ ಮೊದಲೇ ಬದಿಗಿಡುತ್ತೇನೆ. ಯಂತ್ರದಲ್ಲಿ ಅಂಕಿ ಬಂದ ಮೇಲೆ ಯಾವುದನ್ನೂ ಬಿಡುವುದಿಲ್ಲ, ಅದು ಮೋಸ.

ಈಗ ಪ್ರತಿ ವಸ್ತುವಿಗೂ ಎರಡು ಗುಂಪು ಕಡ್ಡಿ ಮಾಡುತ್ತೇನೆ. ಒಂದು 24 ಗಂಟೆಯದು. ಇನ್ನೊಂದನ್ನು 5 ಮತ್ತು 55 ಡಿಗ್ರಿ ನೀರಿನಲ್ಲಿ ಸಾವಿರಾರು ಬಾರಿ ಅದ್ದಿ ತೆಗೆದ ಮೇಲೆ ಮುರಿಯುತ್ತೇನೆ. ರೆಸಿನ್ ಮತ್ತು ಗಾಜಿನ ಕಣಗಳನ್ನು ಹಿಡಿದಿಡುವ ಸೈಲೇನ್ ಬೆಸುಗೆಯನ್ನು ನೀರು ನಿಧಾನಕ್ಕೆ ಸಡಿಲ ಮಾಡುತ್ತದೆ. ಯಾವ ವಸ್ತು ಒಳ್ಳೆಯದು ಅಂತ ಕೇಳಿದವರಿಗೆ ನಾನು ಮೊದಲು ತೋರಿಸುವುದು ಈ ಎರಡನೇ ಗುಂಪಿನ ಅಂಕಿಗಳನ್ನೇ.